ಒಂದೇ ವಿಷಯದ ಟೀಚರ್

ಯೋರ್ದಾಂಕಾ ಪೆಂಕೋವಾ ಬಲ್ಗೇರಿಯಾ ಬಿಟ್ಟು ಜರ್ಮನಿಯ ಆ ವಿಶ್ವವಿದ್ಯಾಲಯಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಶಿಕ್ಷಕರಾಗಲು ಓದುವವರು ಆರು ತಿಂಗಳಾದರೂ ಬೇರೆ ದೇಶದ ಶಾಲೆಯಲ್ಲಿ ಪಾಠ ಮಾಡಿ ಬರಬೇಕು ಎಂಬುದು ಅಲ್ಲಿ ಅವಳು ಹಚ್ಚಿದ ಹುಚ್ಚು. ಮೊದಮೊದಲು ಎಲ್ಲರೂ ಮೂಗು ಮುರಿದರು. “ನಾವು ಪಾಠ ಮಾಡೋದು ಇಲ್ಲೇ ತಾನೆ, ಅಲ್ಲಿಗ್ಯಾಕೆ ಮೇಡಂ?”

ಒಪ್ಪಿದವಳು ವೀಬ್ಕೆ ಎಂಬ ಹುಡುಗಿ ಒಬ್ಬಳೇ. ಯೋರ್ದಾಂಕಾ ಅವಳನ್ನು ತನ್ನೂರು ವ್ರಾತ್ಸಾಕ್ಕೆ, ತಾನು ಆರು ವರ್ಷ ಇತಿಹಾಸ ಕಲಿಸಿದ್ದ ಶಾಲೆಗೇ ಕಳಿಸಿದಳು. ಮೊದಲ ವಾರ ಅಳುತ್ತಾ ಫೋನ್ ಮಾಡಿದ ಹುಡುಗಿ, ವಾಪಸು ಹೊರಡುವ ದಿನವೂ ಅತ್ತಳು. ಆಮೇಲೆ ದಾರಿ ಬಿತ್ತು. ಎಸ್ಟೋನಿಯಾದಿಂದ ಘಾನಾದವರೆಗೆ ಹನ್ನೊಂದು ಶಾಲೆಗಳು ಸೇರಿದವು. ಒಂದೊಂದನ್ನೂ ಯೋರ್ದಾಂಕಾ ಕೈಕಾಲು ಹಿಡಿದು ಒಪ್ಪಿಸಿದ್ದಳು.

ಈ ವರ್ಷ ವಿಶ್ವವಿದ್ಯಾಲಯ ಈ ಕೆಲಸ ನೋಡಿಕೊಳ್ಳಲೆಂದೇ ಕಾಯಂ ಪ್ರೊಫೆಸರ್ ಹುದ್ದೆಯೊಂದನ್ನು ತೆರೆಯಿತು. ಅಷ್ಟೂ ವರ್ಷ ತಾತ್ಕಾಲಿಕ ಕೆಲಸದಲ್ಲೇ ಇದ್ದ ಯೋರ್ದಾಂಕಾ ಅರ್ಜಿ ಹಾಕಿದಳು. ಜೂನ್‌ನಲ್ಲಿ ವಿಭಾಗದ ಮುಖ್ಯಸ್ಥ ಹೋಲ್ಟ್‌ಮನ್ ಅವಳನ್ನು ಕರೆದು, ತಾನೇ ಕಾಫಿ ಬಗ್ಗಿಸಿಕೊಟ್ಟ.

“ಶಾಲೇಲಿ ಮೂರು ವರ್ಷ ಕಲಿಸಿರ್ಬೇಕು ಅನ್ನೋದು ನಿಯಮ, ಯೋರ್ದಾಂಕಾ ಅವರೇ.”

“ಆರು ವರ್ಷ ಕಲಿಸಿದೀನಿ.”

“ಅದು ಅಲ್ಲಿ. ಇಲ್ಲಿ ಟೀಚರ್ ಅಂದ್ರೆ ಎರಡು ವಿಷಯ ಓದಿರ್ಬೇಕು. ನಿಮ್ಮದು ಇತಿಹಾಸ ಒಂದೇ. ಶಿಕ್ಷಣ ಇಲಾಖೆಯವರು ನಿಮ್ಮನ್ನ ಟೀಚರ್ ಅಂತಾನೇ ಒಪ್ಪಲ್ಲ. ನನ್ನ ಕೈಲೇನಿದೆ ಹೇಳಿ.”

“ಹೊರಗೆ ಕಲಿಸಿದ್ದು ಲೆಕ್ಕಕ್ಕೆ ಬರ್ಬೇಕು ಅಂತ ಇಷ್ಟು ವರ್ಷ ಇದೇ ಕಟ್ಟಡದಲ್ಲಿ ಹೇಳ್ಕೊಟ್ಟಿದ್ದು ಯಾರು ಸಾರ್, ನಾನೋ ನೀವೋ?”

“ಅದು ವಿದ್ಯಾರ್ಥಿಗಳ ವಿಷಯ,” ಎಂದ ಹೋಲ್ಟ್‌ಮನ್. ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಹಗೆಯೂ ಇರಲಿಲ್ಲ; ಬಸ್ಸು ತಪ್ಪೀತೆಂಬ ಅವಸರವಿತ್ತು, ಅಷ್ಟೇ.

ಹುದ್ದೆ ವೀಬ್ಕೆಗೆ ಹೋಯಿತು. ಅವಳು ಈ ನಡುವೆ ಇಲ್ಲಿಯ ಶಾಲೆಯಲ್ಲಿ ಕಲಿಸಿ, ಡಾಕ್ಟರೇಟನ್ನೂ ಮುಗಿಸಿದ್ದಳು. ಸೆಪ್ಟೆಂಬರ್ ಕೊನೆಗೆ, ಯೋರ್ದಾಂಕಾಳ ತಾತ್ಕಾಲಿಕ ಕೆಲಸವೂ ಮುಗಿಯುವ ಹೊತ್ತಿಗೆ, ಶಾಲೆಗಳ ಕಡತ ತೆಗೆದುಕೊಳ್ಳಲು ಅವಳ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತಳು.

“ನಾನು ಅರ್ಜಿ ಹಾಕ್ದೇ ಇದ್ರೂ ನಿಮಗೆ ಕೊಡ್ತಿರ್ಲಿಲ್ಲ ಮೇಡಂ.”

“ಗೊತ್ತು. ಕೂತ್ಕೋ.”

“ವ್ರಾತ್ಸಾ ಬಿಟ್ರೆ ಬೇರೆ ಶಾಲೆಯವರಿಗೆ ನನ್ನ ಪರಿಚಯ ಇಲ್ಲ. ನೀವೊಂದು ಮಾತು ಹೇಳಿದ್ರೆ...”

“ಹೇಳಲ್ಲ. ಕಾಗದ ಎಲ್ಲಾ ಅಲ್ಲಿದೆ, ತಗೋ. ನನ್ನ ನಾಲಿಗೆ ವಿಶ್ವವಿದ್ಯಾಲಯದ ಆಸ್ತಿ ಅಲ್ಲ.”

ವೀಬ್ಕೆಯ ಕಣ್ಣು ತುಂಬಿತು. ಅದನ್ನು ನೋಡಿ ಯೋರ್ದಾಂಕಾಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಆದರೂ ಮರುದಿನ ಬೆಳಿಗ್ಗೆ ವ್ರಾತ್ಸಾ ಶಾಲೆಯ ಮುಖ್ಯೋಪಾಧ್ಯಾಯಿನಿ, ಹಳೆಯ ಗೆಳತಿ ಪೆತ್ರಾನಾಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿ, “ಈ ಸಲ ಇಲ್ಲಿಯ ವಿದ್ಯಾರ್ಥಿಗಳನ್ನ ಸೇರಿಸ್ಕೋಬೇಡ,” ಎಂದಳು.

ಆ ಕಡೆ ಪೆತ್ರಾನಾ ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ನಿನಗೆ ಅನ್ಯಾಯ ಆಯ್ತು ಕಣೇ, ಅವರ ಬಾಯಿಗೆ ಮಣ್ಣು ಹಾಕ. ಆದ್ರೆ ನನ್ನ ಶಾಲೇಲಿ ಜರ್ಮನ್ ಕಲಿಸೋಕೆ ಒಬ್ರೂ ಇಲ್ಲ. ಇದ್ದವಳೂ ಮ್ಯೂನಿಕ್‌ಗೆ ಹೋಗಿ ಯಾರದೋ ಮುದುಕನ್ನ ನೋಡ್ಕೊಳ್ತಿದಾಳೆ. ಇವರೂ ಬರ್ದೇ ಇದ್ರೆ ಮಕ್ಕಳಿಗೆ ಯಾರೇ ಕಲಿಸ್ತಾರೆ? ನೀನು ಬರ್ತೀಯಾ?”

ಯೋರ್ದಾಂಕಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ವೀಬ್ಕೆ ನಿನ್ನೆನೇ ನನಗೆ ಕಾಗದ ಬರೆದಿದ್ಲು,” ಎಂದಳು ಪೆತ್ರಾನಾ, ದನಿ ತಗ್ಗಿಸಿ. “ಆರು ಜನ ಬರ್ಲಿ ಅಂದ್ಬಿಟ್ಟೆ.”

ಅಕ್ಟೋಬರ್‌ನಲ್ಲಿ ಯೋರ್ದಾಂಕಾ ಊರಂಚಿನ ಪ್ರಾಥಮಿಕ ಶಾಲೆಯೊಂದರಲ್ಲಿ, ಊಟವಾದ ಮೇಲೆ ಮಕ್ಕಳ ಹೋಂವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅದಕ್ಕೆ ಟೀಚರ್ ಆಗಿರಬೇಕೆಂದೇನೂ ಇರಲಿಲ್ಲ. ವೀಬ್ಕೆ ಎರಡು ಸಲ ಫೋನ್ ಮಾಡಿದಳು. ಇವಳು ಎತ್ತಲಿಲ್ಲ.