ಮೇಲಕ್ಕೆ ಬಿದ್ದ ಇಲಿ

ಕ್ಯಾಮೆರಾದ ಮಸುಕು ಗಾಜಿನಲ್ಲಿ ಲೋಕವೆಲ್ಲ ತಲೆಕೆಳಗು. ಕರಿಬಟ್ಟೆ ಹೊದ್ದು ನೋಡುತ್ತಿದ್ದ ವೆಂಕೋಬನಿಗೆ ಅದು ರೂಢಿ. ಹಳ್ಳಿಗಳ ಹಳೆಯ ಚರ್ಚುಗಳ ಪಟ ತೆಗೆಯುವುದು ಅವನ ಹುಚ್ಚು. ಕಂಪ್ಲಿ ದಾರಿಯ ಈ ಮಣ್ಣುಗೋಡೆಯ ಚರ್ಚಿಗೆಂದೇ ಹೊಸಪೇಟೆಯಿಂದ ಬಂಡಿ ಹತ್ತಿ ಬಂದಿದ್ದ. ಗಾಜಿನಲ್ಲಿ ಶಿಲುಬೆ ಕೆಳಮುಖವಾಗಿತ್ತು, ಜಂತಿಗಳು ಬುಡದಲ್ಲಿದ್ದವು. ಅಷ್ಟರಲ್ಲಿ ಜಂತಿಯಿಂದ ಒಂದು ಇಲಿ ಜಾರಿ ಮೇಲಕ್ಕೆ ಬಿತ್ತು.

ಬಟ್ಟೆ ಕಿತ್ತೆಸೆದ. ಪೀಠದ ಮುಂದೆ ಇಲಿ ಒಮ್ಮೆ ಒದ್ದಾಡಿ ಸೆಟೆದುಕೊಂಡಿತು.

“ಪಾಲಪ್ಪಾ! ಇಲಿ ಬಿತ್ತು!”

ಚರ್ಚು ಕಾಯುವ ಮುದುಕ ಪಾಲಪ್ಪ ಪೊರಕೆ ಹಿಡಿದೇ ಬಂದ. “ಬೆಕ್ಕು ಕಚ್ಚಿರಬೇಕು ಬಿಡ್ರಿ ರಾಯ್ರ. ಇಲ್ಲಾ, ಅದಕ್ಕೂ ಪಟ ತೆಗಿಸ್ಕೊಳ್ಳೋ ಆಸಿ ಆಗಿರಬೇಕು.”

ವೆಂಕೋಬ ಇಲಿಯಿಂದ ದೂರ ಸರಿದ. ಹಿಂದಿನ ಪ್ಲೇಗಿನಲ್ಲಿ ಅವನ ಮನೆಯ ಹಿರಿಯರೂ ಇಲಿ ಸತ್ತದ್ದನ್ನು ಹೀಗೇ ಬೆಕ್ಕಿನ ತಲೆಗೆ ಕಟ್ಟಿದ್ದರು. ವಾರದೊಳಗೆ ತಾಯಿಯ ಬಗಲಲ್ಲಿ ಗಡ್ಡೆ ಎದ್ದಿತ್ತು. ಸತ್ತ ಇಲಿಯ ಚಿಗಟ ಮನುಷ್ಯರಿಗೆ ಕಚ್ಚಿ ರೋಗ ಹತ್ತಿಸುತ್ತದೆಂದು ಡಾಕ್ಟರು ಹೇಳಿದ್ದು ಆಮೇಲೆ.

“ಇವತ್ತು ಪ್ರಾರ್ಥನೆ ಬ್ಯಾಡ. ಯಾರನ್ನೂ ಒಳಗ ಬಿಡಬ್ಯಾಡ.”

“ಸುದ್ದಿ ಹೊರಬಿದ್ರ ಪ್ಲೇಗಿನ ಸರಕಾರಿ ಮಂದಿ ಬಂದು, ಒಳಗ ಬಿಸಿಲು ಬೀಳ್ಲಿ ಅಂತ ಹೆಂಚು ಕೀಳ್ತಾರ್ರಿ. ನಮ್ಮಜ್ಜ ತಲಿಮ್ಯಾಲ ಹೊತ್ತು ತಂದ ಹೆಂಚು ಇವು.”

“ಹೆಂಚು ದೊಡ್ಡದೋ, ಜೀವ ದೊಡ್ಡದೋ ಮುದುಕಾ?”

ಇಬ್ಬರ ನಡುವೆ ಇನ್ನೊಂದು ಇಲಿ ಪಟ್ಟನೆ ಬಿತ್ತು. ಪಾಲಪ್ಪನ ಕೈಯಿಂದ ಪೊರಕೆ ಜಾರಿತು.

ವೆಂಕೋಬ ಓಡಿ ಗಂಟೆಯ ಹಗ್ಗ ಹಿಡಿದು ಜಗ್ಗಿದ. ಊರಿಗೆ ಎಚ್ಚರವಾಗಲಿ, ಮಂದಿ ಊರು ಬಿಟ್ಟು ಹೊಲಕ್ಕೆ ಓಡಲಿ!

“ಬಿಡ್ರಿ, ಬಿಡ್ರಿ!” ಪಾಲಪ್ಪ ಅವನ ತೋಳಿಗೆ ಜೋತುಬಿದ್ದ. “ಈ ಗಂಟಿ ಕೇಳಿದ್ರ ಮಂದಿ ಓಡಿ ಹೋಗೂದಿಲ್ರಿ, ಓಡಿ ಬರ್ತಾರ!”

ಹೊರಗೆ ಕೇರಿಗೆ ಕೇರಿಯೇ ಬರುತ್ತಿತ್ತು. ಪ್ರಾರ್ಥನೆಗೆ ತಡವಾಯಿತೆಂದು ಸೆರಗು ಸರಿಮಾಡಿಕೊಳ್ಳುತ್ತ, ಕೂಸುಗಳನ್ನು ಎತ್ತಿಕೊಂಡು, ಎಲ್ಲರೂ ಬರಿಗಾಲಲ್ಲಿ.

ವೆಂಕೋಬ ಸ್ಟ್ಯಾಂಡನ್ನು ಕ್ಯಾಮೆರಾ ಸಮೇತ ಎಳೆದು ಬಾಗಿಲಿಗೆ ಅಡ್ಡ ಕೆಡವಿದ. ಗಾಜು ಪುಡಿಯಾಯಿತು.

“ಅಲ್ಲೇ ನಿಂದ್ರಿ! ಒಳಗ ಬರಬ್ಯಾಡ್ರಿ!”

ಮುಂದಿದ್ದ ಹೆಂಗಸು ಕಂಕುಳ ಕೂಸನ್ನು ಮೇಲೆತ್ತಿಕೊಂಡು ಅವನ ಅಂಗಿಯ ಕೊರಳಲ್ಲಿ ಇಣುಕುತ್ತಿದ್ದ ಜನಿವಾರವನ್ನೇ ದಿಟ್ಟಿಸಿದಳು. “ನಿಮ್ಮ ಗುಡಿಯಾಗಂತೂ ಬಿಟ್ಕೊಳ್ಳಿಲ್ಲ. ನಮ್ಮ ಗುಡಿಗೂ ನೀವ ಅಡ್ಡ ನಿಂದ್ರತೀರೇನ್ರಿ?”

ಅವಳ ಕಾಲು ಸ್ಟ್ಯಾಂಡನ್ನು ದಾಟಲು ಎದ್ದಿತು. ವೆಂಕೋಬ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಏನು ಹೇಳಿದರೂ ಇವರು ನಂಬುವುದಿಲ್ಲ.

ಆಗ ಅವನ ಹೆಗಲ ಮೇಲಿಂದ ಪಾಲಪ್ಪನ ಕೈ ಹೊರಗೆ ಚಾಚಿತು. ಬಾಲ ಹಿಡಿದ ಎರಡು ಇಲಿಗಳು ತೂಗಾಡಿದವು.

“ಹೆಂಚು ಹೋದ್ರ ಹೋಗ್ಲಿ,” ಮುದುಕ ಕೂಗಿದ. “ಹೊಲಕ್ಕ ನಡೀರಿ. ಜಲ್ದಿ!”

ಹೆಂಗಸು ಚೀರಿ ಹಿಂದಕ್ಕೆ ಹಾರಿದಳು. ಕಣ್ಣುಮುಚ್ಚಿ ತೆರೆಯುವುದರೊಳಗೆ ಕೇರಿ ಬರಿದಾಯಿತು.

ಒಳಗೆ ಉಳಿದವರು ಇಬ್ಬರೇ. ವೆಂಕೋಬನ ಹಿಮ್ಮಡಿಯ ಹತ್ತಿರ ಏನೋ ಚುರುಕ್ಕೆಂದಿತು. ಬಗ್ಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ.