ಮೊದಲ ಜಿಂಕೆಯ ತಾರೀಕು

ಬೆಳಗಿನ ಟ್ರಿಪ್ ಮುಗಿಸಿದ ಸ್ಕೂಲ್ ಬಸ್ಸು ಖಾಲಿಯಾಗಿ ವಾಪಸು ಬಂದು ಡೀನಾಳ ಮನೆ ಮುಂದೆ ನಿಂತಿತು. ಡ್ರೈವರ್ ಮಾರ್ಲಿಸ್ ಇಳಿದು ಬಂದಳು. ಅರವತ್ತು ದಾಟಿದ ಹೆಂಗಸು. ನಿಂತಲ್ಲೇ ವಿಷಯ ಹೇಳಿದಳು. ಮೂವರು ಹುಡುಗರು ತಿಂಗಳಿಂದ ಡೀನಾಳ ಮಗಳು ಕೆಲ್ಸಿಯ ಬೆನ್ನು ಬಿದ್ದಿದ್ದಾರೆ. ಫೋನಿನಲ್ಲಿ ಬೆದರಿಕೆ, ಸ್ಕೂಲಿನ ಬಾತ್‌ರೂಮಿನ ಬಾಗಿಲಲ್ಲಿ ಕಾವಲು. ನಾಳೆ ಅಪ್ಪನ ಪಿಸ್ತೂಲು ಬ್ಯಾಗಿನಲ್ಲಿಟ್ಟು ತರುತ್ತೇನೆ ಎಂದು ಹುಡುಗಿ ಇವತ್ತು ಬಸ್ಸಿನಲ್ಲಿ ಬಾಯಿಬಿಟ್ಟಿದ್ದಾಳೆ. ಮಾರ್ಲಿಸ್ ಆಗಲೇ ಪ್ರಿನ್ಸಿಪಾಲರಿಗೆ ತಿಳಿಸಿದ್ದಳು. ಕೆಲ್ಸಿ ಈಗ ಕೌನ್ಸೆಲರ್ ಜೊತೆಗಿದ್ದಳು. ಆ ಹುಡುಗರನ್ನೂ ಕರೆಸಿದ್ದರು.

ಹೆದರುವುದಕ್ಕೂ ಮೊದಲೇ ಡೀನಾಳ ಕಣ್ಣು ಮಾರ್ಲಿಸಳ ಮಣಿಕಟ್ಟಿಗೆ ಹೋಯಿತು. ಹಸಿರು ದಾರದ ಪಟ್ಟಿ. ಬೇಸಿಗೆಯಲ್ಲಿ ಕೆಲ್ಸಿ ಅದನ್ನು ಹೆಣೆಯುವಾಗ, ನನಗೇ ಇರಬೇಕು ಅಂದುಕೊಂಡು ಡೀನಾ ತನ್ನ ಹುಟ್ಟುಹಬ್ಬದವರೆಗೂ ಕಾದಿದ್ದಳು. ಸಿಕ್ಕಿದ್ದು ಅಂಗಡಿಯ ಮೇಣದಬತ್ತಿ.

"ನಿಮ್ಮ ಹತ್ರ ಹೇಳಿದ್ಲಾ? ನಿಮ್ಮ ಹತ್ರ?"

"ಆ ಜಗಳ ಆಮೇಲೆ ಆಡೋಣ. ಬಂದೂಕಿನ ತಿಜೋರಿ ನಂಬರು ಅವಳಿಗೆ ಗೊತ್ತಾ?"

ಗೊತ್ತಿಲ್ಲದೆ ಏನು. ಹನ್ನೆರಡನೇ ವಯಸ್ಸಿಗೆ ಮಗಳು ಮೊದಲ ಜಿಂಕೆ ಹೊಡೆದ ತಾರೀಕನ್ನೇ ಗಂಡ ರಸ್ ತಿಜೋರಿಗೆ ನಂಬರಾಗಿ ಹಾಕಿ, ಊಟದ ಮೇಜಿನಲ್ಲಿ ಎಲ್ಲರೆದುರು ಸಾರಿದ್ದ. ಈ ಕಣಿವೆಯ ಅರ್ಧ ಮನೆಗಳಲ್ಲಿ ಅಪ್ಪಂದಿರ ಪ್ರೀತಿ ಹೀಗೇ.

ಡೀನಾ ತಿಜೋರಿ ತೆರೆದಳು. ಪಿಸ್ತೂಲು ಅಲ್ಲೇ ಇತ್ತು. ಆದರೆ ಕೆಲ್ಸಿಯ ವಾಲಿಬಾಲ್ ಕಾಲುಚೀಲದೊಳಗೆ, ಗುಂಡು ತುಂಬಿಕೊಂಡು, ಹೊರಡಲು ತಯಾರಾಗಿ.

ಕಾಲುಚೀಲದಿಂದ ಎಳೆದು ಗುಂಡು ತೆಗೆದಳು. ಗಂಡನಿಗೆ ಫೋನ್ ಮಾಡಿ ತಿಜೋರಿ ನಂಬರು ಬದಲಿಸೋಣ ಎಂದಳು. ಬದಲಿಸಿದರೆ ಮಗಳಿಗೆ ಅವಮಾನ, ಶನಿವಾರ ಬೇಟೆಯ ಸೀಸನ್ ಬೇರೆ ಶುರು, ಅಂದ ಅವನು. ಡೀನಾ ಫೋನಿಟ್ಟಳು. ಮಗಳ ಗುಟ್ಟು ಇಟ್ಟುಕೊಂಡವಳ ಮನೆಯಲ್ಲೇ ಬಂದೂಕುಗಳನ್ನೂ ಇಡಬೇಕೆ? ಆದರೂ, ಇವನ್ನೆಲ್ಲ ಸ್ವಲ್ಪ ದಿನ ನಿಮ್ಮಲ್ಲಿ ಇಟ್ಕೋತೀರಾ ಎಂದು ಮಾರ್ಲಿಸಳನ್ನು ಕೇಳಿಯೇ ಬಿಟ್ಟಳು.

"ಸ್ಕೂಲ್ ಬಸ್ಸಿಗೆ ಅವನ್ನ ಹತ್ತಿಸೋ ಹಾಗಿಲ್ಲಮ್ಮ. ನಿನ್ನ ಗಾಡೀಲಿ ತಗೊಂಡು ಬಾ, ನನ್ನ ತಿಜೋರೀಲಿ ಜಾಗ ಇದೆ," ಅಂದಳು ಮಾರ್ಲಿಸ್.

ನಾಲ್ಕು ಬಂದೂಕು, ಒಂದು ಪಿಸ್ತೂಲು ಅವಳ ಮನೆ ಸೇರಿದವು. ಹೊರಡುವಾಗ ಡೀನಾ ತಡೆಯಲಾರದೆ, ಕೆಲ್ಸಿಯ ಬಾಯಿ ಬಿಡಿಸೋಕೆ ಏನು ಮಾಡ್ತೀರಿ ಎಂದು ಕೇಳಿದಳು. ಏನೂ ಇಲ್ಲ, ನಾನು ರಸ್ತೆ ನೋಡ್ತಿರ್ತೀನಿ, ಅವಳು ಮಾತಾಡ್ತಿರ್ತಾಳೆ ಎಂದು ಉತ್ತರ ಬಂತು. ಏನೂ ಇಲ್ಲವಂತೆ. ಹದಿನೈದು ವರ್ಷ ಎಲ್ಲವನ್ನೂ ಮಾಡಿದವಳಿಗೆ ಆ ಮಾತು ಮೆಣಸಿನಕಾಯಿ ಇಟ್ಟಂತೆ ಉರಿಯಿತು.

ಮಧ್ಯಾಹ್ನ ಸ್ಕೂಲಿನಿಂದ ಕರೆತರುವಾಗ ಕೆಲ್ಸಿ ಕಿಟಕಿಗೆ ಅಂಟಿ ಕೂತಿದ್ದಳು.

"ಕೋಪಾನಾ ಅಮ್ಮ?"

ಹೆದರಿಕೆ ಅನ್ನಬಹುದಿತ್ತು, ಅದೂ ನಿಜವೇ.

"ಹೊಟ್ಟೆಕಿಚ್ಚು," ಅಂದಳು ಡೀನಾ. "ಮಾರ್ಲಿಸ್ ಮೇಲೆ."

ಹುಡುಗಿ ಮೂಗಲ್ಲೇ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಆಮೇಲೆ ಮೊದಲಿಂದ, ಆ ಹುಡುಗರ ಹೆಸರಿಂದ, ಹೇಳತೊಡಗಿದಳು. ಮನೆಯ ಗೇಟು ಬಂತು. ಡೀನಾ ನಿಲ್ಲಿಸಲಿಲ್ಲ, ರಸ್ತೆ ನೋಡುತ್ತ ಮುಂದಕ್ಕೆ ಓಡಿಸಿದಳು.