ಚಿಕ್ಕಪ್ಪನ ಸ್ವಭಾವದ ಕಾಲಂ

ಒಂದೇ ಮನೆಯವರು ನಡೆಸುವ ಮೂರು ಪಶು ಕ್ಲಿನಿಕ್ಕುಗಳು. ಮೂರು ಕಂಪ್ಯೂಟರು, ಮೂರು ದಾರಿ. ನಾಯಿಯ ಯಜಮಾನರ ಫೋನ್ ನಂಬರು ಹಾಕಿ ತಮ್ಮ ದಾಖಲೆ ಹುಡುಕುತ್ತಿದ್ದ, ಅವನ ಹೆಂಡತಿ ನಾಯಿಯ ಹೆಸರು ಹಾಕಿ, ಚಿಕ್ಕಪ್ಪ ಹೇಗೆ ಹುಡುಕುತ್ತಿದ್ದರೋ ದೇವರೇ ಬಲ್ಲ. ಇವೆಲ್ಲವನ್ನೂ ಒಂದೇ ಪರದೆಗೆ ಎಳೆದು ತರುವ ಸಾಫ್ಟ್‌ವೇರ್ ಕೂರಿಸಿದವಳು ಅಕ್ಕ. ಅವಳು ಡಾಕ್ಟರಲ್ಲ, ಆದರೆ ಅವಳಿಲ್ಲದೆ ಅಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡದು.

ಚಿಕ್ಕಪ್ಪ ಮಾತ್ರ ಗುರುಗುಟ್ಟಿದ್ದರು. "ಇದರಿಂದ ಒಂದು ಪ್ರಾಣಿಗೆ ತೊಂದರೆ ಆಗ್ಲಿ, ಅವತ್ತೇ ನಾನು ಹೊರಗೆ."

ಇವತ್ತು ದರ್ಜಿಯ ಕಂದು ನಾಯಿ ತಮ್ಮನ ಕ್ಲಿನಿಕ್ಕಿನ ಮೇಜಿನ ಮೇಲಿತ್ತು. ಹುಳುಕು ಹಲ್ಲು ಕೀಳಬೇಕು. ಅಕ್ಕ ಪರದೆ ನೋಡಿ, "ಏನೂ ತೊಂದರೆಯಿಲ್ಲ, ಚುಚ್ಚು" ಎಂದಳು. ತಮ್ಮ ಅರಿವಳಿಕೆಯ ಸೂಜಿ ಎತ್ತಿದ.

"ಹೋದ್ಸಲ ನಿಮ್ಮ ಚಿಕ್ಕಪ್ಪ ಚುಚ್ಚಿದಾಗ ಇವನ ಮೂತಿ ಕುಂಬಳಕಾಯಿ ಆಗಿತ್ತು ಸಾರ್" ಎಂದ ದರ್ಜಿ.

"ಯಾವ ಔಷಧಿ?"

"ನಂಗೇನ್ ಗೊತ್ತು? ನಾನು ಬಟ್ಟೆ ಹೊಲಿಯೋನು."

ಪರದೆಯಲ್ಲಿ ಮೂತಿಯ ಸುದ್ದಿಯೇ ಇಲ್ಲ. ಅಕ್ಕ ಚಿಕ್ಕಪ್ಪನಿಗೆ ಫೋನ್ ಹಚ್ಚಿ ಸಿಡಿದಳು. "ಇಂಥದ್ದನ್ನ ಬರೆದಿಡೋಕೆ ಏನು ರೋಗ ನಿಮಗೆ?"

"ಬರೆದಿದ್ದೀನಲ್ಲೇ! ಸ್ವಭಾವದ ಕಾಲಂ ನೋಡು."

"ಊದ್ಕೊಳ್ಳೋದು ಸ್ವಭಾವಾನಾ?"

"ಮತ್ತಿನ್ನೇನು? ಬೇರೆ ನಾಯಿ ಊದಲ್ಲ, ಇವನು ಊದ್ತಾನೆ!"

ಅಕ್ಕನಿಗೆ ಆಗ ನೆನಪಾಯಿತು. ಸಾಫ್ಟ್‌ವೇರ್ ಕೂರಿಸುವಾಗ ಆ ಕಾಲಂ ಬಿಟ್ಟವಳು ಅವಳೇ. 'ಪುಕ್ಕಲ', 'ಪೋಸ್ಟಿನವನನ್ನು ಕಂಡರಾಗದು' ಎಂದೆಲ್ಲ ಇತ್ತು. ಈ ಪುರಾಣ ಯಾರಿಗೆ ಬೇಕೆಂದು ಕೈಬಿಟ್ಟಿದ್ದಳು.

"ಸೂಜಿ ಕೆಳಗಿಡೋ!" ಎಂದವಳೇ ಕಾಲಂ ಸೇರಿಸಿ, ಸಾಫ್ಟ್‌ವೇರನ್ನು ಮತ್ತೆ ಓಡಿಸಿದಳು. ಸಾಲು ಬಂತು: 'ಒಳ್ಳೆಯವನು. ಗುಡುಗಿಗೆ ಹೆದರುತ್ತಾನೆ. ಇದನ್ನು ಕೊಟ್ಟರೆ ಊದುತ್ತಾನೆ.' ಮುಂದೆ ಔಷಧಿಯ ಹೆಸರು. ತಮ್ಮನ ಸೂಜಿಯಲ್ಲಿದ್ದದ್ದು ಅದೇ.

ಬೇರೆ ಔಷಧಿ ತುಂಬಿದರು. ಹಲ್ಲು ಕಿತ್ತು ಬಂತು. ಮೂತಿ ಮೂತಿಯಷ್ಟೇ ಇತ್ತು. ನಾಯಿ ಗೊರಕೆ ಹೊಡೆಯುತ್ತಿರುವಾಗ ಅಕ್ಕ ಮತ್ತೆ ಫೋನ್ ಮಾಡಿದಳು.

"ತಪ್ಪು ನಂದೇ ಚಿಕ್ಕಪ್ಪ. ನಿಮ್ಮ ಕಾಲಂ ನಾನೇ ಬಿಟ್ಟಿದ್ದೆ. ಹೊರಗೆ ಹೋಗೋದಾದ್ರೆ ಹೋಗಿ."

"ನಾನು ಬರೆದಿದ್ದು ಈಗ ಮೂರೂ ಕಡೆ ಕಾಣ್ಸುತ್ತಾ?"

"ಕಾಣ್ಸುತ್ತೆ."

"ಎಲ್ಲರೂ ಓದ್ತಾರಾ?"

"ಓದ್ಲೇಬೇಕಲ್ಲ, ಬೇರೆ ಗತಿ ಏನಿದೆ?"

"ಹಾಗಾದ್ರೆ ಇರ್ತೀನಿ ಬಿಡು. ನಾಳೆಯಿಂದ ನಾಯಿ ತರೋರ ಸ್ವಭಾವಾನೂ ಬರೀತೀನಿ. ಆ ದರ್ಜಿಯಿಂದಲೇ ಶುರು."

ಅಕ್ಕ ಬೈಯಲು ಬಾಯಿ ತೆರೆದಳು. ದರ್ಜಿ ಎದುರಿಗೇ ನಿಂತು ನಾಯಿಯ ತಲೆ ಸವರುತ್ತಿದ್ದ. ಬೈಗುಳ ಬರಲಿಲ್ಲ, ನಗು ಬಂತು.